ಯಾರ ಕೈಬರಹ?

ಗೋದೌಲಿಯಾದಲ್ಲಿ, ಜಂಗಮವಾಡಿ ಮಠದ ದಿಕ್ಕಿನ ಗಲ್ಲಿಯೊಂದರಲ್ಲಿ ನಮ್ಮ ಬಾಡಿಗೆ ಕೋಣೆ. ಕೆಳಗೆ ಇ-ರಿಕ್ಷಾಗಳ ಗದ್ದಲ ಅಡಗುವಾಗ ರಾತ್ರಿ ಹನ್ನೊಂದಾಗುತ್ತದೆ. ಸಿನಿಮಾ ಏನಿದ್ದರೂ ಆಮೇಲೆಯೇ. ಕಳೆದ ವಾರ ನಾನೂ ಹೆಂಡತಿಯೂ ‘ದಿ ವೈಫ್’ (2017) ನೋಡಿದೆವು. ಮೆಗ್ ವೋಲಿಟ್ಜರ್ ಕಾದಂಬರಿ ಆಧರಿಸಿದ್ದು. ಜೋ ಕಾಸಲ್‌ಮನ್‌ಗೆ ನೊಬೆಲ್ ಬರುತ್ತದೆ, ಹೆಂಡತಿ ಜೋನ್ ಜೊತೆ ಸ್ಟಾಕ್‌ಹೋಮಿಗೆ ಹೋಗುತ್ತಾನೆ. ಆ ಪುಸ್ತಕಗಳನ್ನು ಬರೆದವಳು ಜೋನ್ ಎಂದು ನಮಗೆ ಮೆಲ್ಲಗೆ ತಿಳಿಯುತ್ತದೆ.

ಗ್ಲೆನ್ ಕ್ಲೋಸ್ ಮುಖಕ್ಕಾಗಿಯಾದರೂ ನೋಡಬೇಕು. ನೊಬೆಲ್ ಸುದ್ದಿಯನ್ನು ಆಕೆ ಇನ್ನೊಂದು ಫೋನಿನಲ್ಲಿ ಕೇಳಿಸಿಕೊಳ್ಳುವಾಗ ಸಂತೋಷ ಅರ್ಧದಲ್ಲೇ ಬೇರೇನೋ ಆಗಿಬಿಡುತ್ತದೆ. ಆದರೆ ಗುಟ್ಟು ಒಡೆದ ಮೇಲೆ ಸಿನಿಮಾ ಸಲೀಸಾಯಿತು. ಕಳ್ಳ ಸಿಕ್ಕಿದನಲ್ಲ, ಇನ್ನೇನು? ಒಂದು ಜಗಳ, ಒಂದು ಹೃದಯಾಘಾತ.

ನನಗೆ ನೆನಪಾದವರು ಇದೇ ಊರಿನಲ್ಲಿ ಬಾಳಿದ ಶಿವರಾಣಿ ದೇವಿ. ಬಾಲವಿಧವೆಯಾಗಿದ್ದ ಅವರನ್ನು ಪ್ರೇಮಚಂದ್ 1906ರ ಸುಮಾರಿಗೆ ಮದುವೆಯಾದರು. ಅವರೂ ಕತೆ ಬರೆದರು, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೂ ಹೋದರು. ಆದರೆ ಆ ಕತೆಗಳನ್ನು ಗಂಡನೇ ಬರೆದುಕೊಡುತ್ತಾನೆಂಬ ಗುಮಾನಿ ಹಬ್ಬಿತು. ಇಷ್ಟು ಜಗಳಗಂಟಿ ಹೆಂಗಸರ ಕತೆ ಹೊಳೆಯುವುದು ತನ್ನಂಥ ಸಾಧು ಸ್ವಭಾವದವನಿಗೆ ಸಾಧ್ಯವಿಲ್ಲ ಎಂಬರ್ಥದಲ್ಲಿ ಪ್ರೇಮಚಂದರೇ ಉತ್ತರಿಸಬೇಕಾಯಿತು. ಸಿನಿಮಾದಲ್ಲಿ ಹೆಂಡತಿ ಬರೆದದ್ದು ಗಂಡನ ಹೆಸರಿಗೆ. ಇಲ್ಲಿ ಹೆಂಡತಿ ತನ್ನ ಹೆಸರಿನಲ್ಲೇ ಬರೆದರೂ ಗಂಡನ ಲೆಕ್ಕಕ್ಕೆ. ಇಲ್ಲಿ ಕಳ್ಳನೇ ಇಲ್ಲ. ‘ದಿ ವೈಫ್’ ಮುಟ್ಟದೆ ಬಿಟ್ಟದ್ದು ಇದನ್ನೇ.

ಪ್ರೇಮಚಂದ್ 1936ರಲ್ಲಿ ತೀರಿಕೊಂಡರು. 1944ರಲ್ಲಿ ಶಿವರಾಣಿಯವರ ‘ಪ್ರೇಮಚಂದ್ ಘರ್ ಮೇ’ ಬಂತು. ನಮ್ಮ ರಾಜೇಶ್ವರಿಯವರ ‘ನನ್ನ ತೇಜಸ್ವಿ’ ಓದಿದವರಿಗೆ ಈ ಜಾತಿಯ ಪುಸ್ತಕದ ರುಚಿ ಗೊತ್ತು. ಶಿವರಾಣಿಯವರದು ಇನ್ನಷ್ಟು ಖಾರ. ಗಂಡನ ಮೊದಲ ಹೆಂಡತಿ ಬದುಕಿದ್ದಾಳೆಂದು ಮದುವೆಯಾದ ಎಷ್ಟೋ ಕಾಲದ ಮೇಲೆ ಗೊತ್ತಾದ ಸಂಗತಿಯನ್ನೂ ಅವರು ಮುಚ್ಚಿಡುವುದಿಲ್ಲ. ಹಾಗಂತ ಪ್ರೀತಿಯೂ ಕಡಿಮೆಯಾಗುವುದಿಲ್ಲ. ವಿಮಾನದಲ್ಲಿ ಕೂತು ಖಾಲಿ ಹಾಳೆ ತಿರುವುವ ಜೋನ್ ಮುಂದೆ ಏನು ಬರೆದಾಳು ಎಂದು ಕೇಳುವವರು ಇದನ್ನು ಓದಬಹುದು.

ಇಷ್ಟನ್ನೂ ನಾನು ಉತ್ಸಾಹದಿಂದ ಹೇಳುತ್ತಿದ್ದಾಗ ಹೆಂಡತಿ ಕೇಳಿದಳು: “ನಿಮ್ಮ ಥೀಸಿಸ್ ಟೈಪ್ ಮಾಡಿ, ತಿದ್ದಿ, ಮೂರನೇ ಅಧ್ಯಾಯ ಪೂರ್ತಿ ಹೊಸದಾಗಿ ಬರೆದದ್ದು ಯಾರು ಅಂತ ಅದರಲ್ಲಿ ಎಲ್ಲಿ ಹಾಕಿದ್ದೀರಿ?” ಕೃತಜ್ಞತೆಯ ಪುಟದಲ್ಲಿ ಒಂದು ಸಾಲಿದೆ. ಜೋ ಕೂಡ ವೇದಿಕೆಯಲ್ಲಿ ಹೆಂಡತಿಯನ್ನು ಹೊಗಳುತ್ತಾನೆ.

ಮರುದಿನ ಪುಸ್ತಕದಂಗಡಿಯಲ್ಲಿ ಶಿವರಾಣಿ ದೇವಿಯವರದು ಇದೆಯೇ ಎಂದೆ. ಅಂಗಡಿಯಾತ ತಲೆ ಎತ್ತದೆ, “ಪ್ರೇಮಚಂದ್ ಸಾಲಿನಲ್ಲಿ ನೋಡಿ” ಅಂದ.