ಗುರುವಾದ ಗ್ರಂಥ

ವಚನಗಳನ್ನು ಓದಿ ಬೆಳೆದ ನಮಗೆ ಅಂಕಿತವೆಂದರೆ ಒಬ್ಬೊಬ್ಬರ ಗುರುತು. ಕೂಡಲಸಂಗಮದೇವ ಎಂದೊಡನೆ ಬಸವಣ್ಣ; ಚೆನ್ನಮಲ್ಲಿಕಾರ್ಜುನ ಎಂದೊಡನೆ ಅಕ್ಕ. ಈ ಅಭ್ಯಾಸದಿಂದಲೇ ಸಿಖ್ಖರ ಗುರು ಗ್ರಂಥ ಸಾಹಿಬನ್ನು ಓದಹೊರಟವನಿಗೆ ಮೊದಲೇ ಒಂದು ಸೋಜಿಗ ಕಾದಿರುತ್ತದೆ. ಅದರಲ್ಲಿ ಆರು ಮಂದಿ ಗುರುಗಳ ಪದಗಳಿವೆ. ಆರು ಮಂದಿಯ ಅಂಕಿತವೂ ‘ನಾನಕ’! ಯಾವುದು ಯಾರದೆಂದು ತಿಳಿಯಬೇಕಾದರೆ ಪದದ ತಲೆಯ ಮೇಲಿನ ‘ಮಹಲ್ಲಾ’ ಸಂಖ್ಯೆಯನ್ನು ನೋಡಬೇಕು.

ಇದನ್ನು ಗಮನಿಸಿದವರಿಗೆ 1708ರಲ್ಲಿ ನಾಂದೇಡಿನಲ್ಲಿ ನಡೆದುದು ಅನಿರೀಕ್ಷಿತವೆನಿಸದು. ಹತ್ತನೆಯ ಗುರು ಗೋವಿಂದಸಿಂಗರು ತಮ್ಮ ಅನಂತರಕ್ಕೆ ಯಾವ ವ್ಯಕ್ತಿಯನ್ನೂ ನೇಮಿಸದೆ ಗ್ರಂಥವನ್ನೇ ಗುರುವೆಂದರು. ಗುರುತ್ವ ದೇಹದ್ದಲ್ಲ, ವಾಣಿಯದು ಎಂಬುದನ್ನು ಆ ಒಂದೇ ಅಂಕಿತ ಎಂದೋ ಹೇಳಿಬಿಟ್ಟಿತ್ತು.

ಗುರುದ್ವಾರದಲ್ಲಿ ಈ ಗ್ರಂಥಕ್ಕೆ ಮೇಲ್ಕಟ್ಟು, ಪಟ್ಟೆವಸ್ತ್ರ, ಚಾಮರ, ರಾತ್ರಿ ಶಯನಸೇವೆ. ಇದೂ ವಿಗ್ರಹಾರಾಧನೆಯೇ ತಾನೆ, ಎಂದು ಕೇಳುವವರುಂಟು. ಅವರು ಒಂದನ್ನು ಮರೆಯುತ್ತಾರೆ: ಈ ಗುರು ದಿನವೂ ಮಾತನಾಡಬೇಕು. ಬೆಳಗ್ಗೆ 1430 ಪುಟಗಳಲ್ಲಿ ಎಲ್ಲಿ ತೆರೆಯಿತೋ ಅಲ್ಲಿ ಸಿಕ್ಕ ಪದವೇ ಆ ದಿನದ ‘ಹುಕಂ’, ಅಪ್ಪಣೆ. ಹುಟ್ಟಿದ ಮಗುವಿನ ಹೆಸರಿನ ಮೊದಲಕ್ಷರವನ್ನೂ ಹೀಗೆ ದೊರೆತ ಪದದಿಂದಲೇ ಆರಿಸುತ್ತಾರೆ. ನಾವಾದರೋ ನಮಗೊಪ್ಪುವ ಸಾಲನ್ನು ಹುಡುಕಿ ತೆಗೆದು ಧರ್ಮಗ್ರಂಥವೆನ್ನುತ್ತೇವೆ. ಅಲ್ಲಿ ಬೇಡವಾದುದನ್ನೂ ಕೇಳಬೇಕು.

1920ರ ಅಕ್ಟೋಬರಿನಲ್ಲಿ ಅಮೃತಸರದ ಪೂಜಾರಿಗಳಿಗೆ ಹಾಗೆಯೇ ಆಯಿತು. ಅಸ್ಪೃಶ್ಯರೆನಿಸಿಕೊಂಡಿದ್ದ ಜಾತಿಗಳಿಂದ ಬಂದು ಆಗತಾನೆ ದೀಕ್ಷೆ ಪಡೆದಿದ್ದವರು ಸ್ವರ್ಣಮಂದಿರಕ್ಕೆ ಪ್ರಸಾದ ತಂದರು. ಪೂಜಾರಿಗಳು ಮುಟ್ಟಲೊಲ್ಲರು. ವಾಗ್ವಾದ ಬೆಳೆದು, ಕೊನೆಗೆ ಗ್ರಂಥವನ್ನೇ ಕೇಳೋಣವೆಂದಾಯಿತು. ತೆರೆದಾಗ ಸಿಕ್ಕಿದ್ದು ಮೂರನೆಯ ಗುರು ಅಮರದಾಸರ ಪದ: ಗುಣಹೀನನನ್ನೂ ದೇವರೇ ಕ್ಷಮಿಸಿ ಸದ್ಗುರುವಿನ ಸೇವೆಗೆ ಹಚ್ಚುತ್ತಾನೆಂಬ ಭಾವದ್ದು. ಪ್ರಸಾದ ಸ್ವೀಕಾರವಾಯಿತು.

ಆಕಸ್ಮಿಕವೆನ್ನಬಹುದು. ನನಗೆ ಹಾಗೆ ತೋರುವುದಿಲ್ಲ. 1604ರಲ್ಲಿ ಗುರು ಅರ್ಜನರು ಸಂಕಲಿಸಿದಾಗಲೇ ಅದರೊಳಗೆ ನೇಯ್ಗೆಯ ಕಬೀರ, ಸಿಂಪಿಗ ನಾಮದೇವ, ಚಮ್ಮಾರ ರವಿದಾಸ, ಸೂಫಿ ಫರೀದ ಎಲ್ಲರೂ ಬಂದು ಕುಳಿತಿದ್ದರು. ಯಾವ ಪುಟ ತೆರೆದಿದ್ದರೆ ತಾನೆ ಆ ಪೂಜಾರಿಗಳಿಗೆ ಬೇಕಾದ ಉತ್ತರ ಬರುತ್ತಿತ್ತು? ರವಿದಾಸನ ಪದಗಳಿಗೆ ದಿನವೂ ತಲೆಬಾಗುತ್ತ ರವಿದಾಸನ ಕುಲದವರ ಕೈಯ ಪ್ರಸಾದವನ್ನು ಒಲ್ಲೆನೆಂದವರು ಗ್ರಂಥಕ್ಕೆ ಚಾಮರ ಬೀಸಿದ್ದರೇ ಹೊರತು ಅದನ್ನು ಕೇಳಿರಲಿಲ್ಲ.

ಆ ಕಿವುಡು ಪೂರ್ತಿ ಹೋಯಿತೆನ್ನಲಾರೆ. ಸುಮಾರು 48 ಗಂಟೆಗಳಲ್ಲಿ ಎಡೆಬಿಡದೆ ಓದಿ ಮುಗಿಸುವ ‘ಅಖಂಡ ಪಾಠ’ವನ್ನು ಹಣ ಕೊಟ್ಟು ಮಾಡಿಸುವ ವಾಡಿಕೆಯಿದೆ. ಓದುವವರ ನಾಲಗೆ ಓಡುತ್ತಿರುತ್ತದೆ, ಮನೆಯವರು ಅಡುಗೆಯ ಏರ್ಪಾಟಿನಲ್ಲಿರುತ್ತಾರೆ. (ನಮ್ಮ ಕಡೆಯ ಪಾರಾಯಣಗಳೇನು ಕಡಿಮೆ!) ಬಿಡುವಾದಷ್ಟು ಬಿಡಿಸಿ, ತಿಂಗಳುಗಟ್ಟಲೆ, ತಾವೇ ಓದಿಕೊಳ್ಳುವ ‘ಸಹಜ ಪಾಠ’ವೂ ಅವರಲ್ಲುಂಟು. ನನ್ನ ಒಲವು ಅದರ ಕಡೆಗೆ.