ವಾರ್ಬುರ್ಗನ ಹೆಸರಿನಲ್ಲಿ ಹಬ್ಬಿದ ಒಂದು ಮಾತು: ಆಧಾರಗಳ ಪರಿಶೀಲನೆ

ಸಕ್ಕರೆಯೇ ಅರ್ಬುದರೋಗಕ್ಕೆ ಮೂಲವೆಂದು ಕಂಡುಹಿಡಿದುದಕ್ಕಾಗಿ ಜರ್ಮನಿಯ ಆಟೋ ವಾರ್ಬುರ್ಗನಿಗೆ 1931ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತೆಂಬ ಹೇಳಿಕೆ ಕನ್ನಡದ ಆರೋಗ್ಯಲೇಖನಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ನವಲಗುಂದ, ಅಣ್ಣಿಗೇರಿಗಳ ಕಡೆಯ ಹಳ್ಳಿಗಳಿಗೂ ಅದು ತಲುಪಿದೆ. ಚಿಕಿತ್ಸೆ ಪಡೆದು ಮನೆಗೆ ಮರಳಿದ ರೋಗಿಗೆ ಬೆಲ್ಲದೊಡನೆ ಅನ್ನ, ರೊಟ್ಟಿಗಳನ್ನೂ ತಪ್ಪಿಸುವವರಿದ್ದಾರೆ. ಇತಿಹಾಸದ ಅಧ್ಯಾಪಕನು ವೈದ್ಯವಿಷಯದಲ್ಲಿ ಕೈಹಾಕುವುದು ಉಚಿತವೇ ಎಂದು ವಾಚಕರು ಕೇಳಬಹುದು. ಹೇಳಿಕೆಯು ಇತಿಹಾಸದ ಸಾಕ್ಷ್ಯವನ್ನೇ ಮುಂದೆ ಮಾಡಿಕೊಂಡು ಬಂದಿರುವುದರಿಂದ ಆ ಸಾಕ್ಷ್ಯವನ್ನು ಒರೆಗೆ ಹಚ್ಚುವುದು ನಮ್ಮ ಕೆಲಸವೇ ಆಗಿದೆ.

ಪಾರಿತೋಷಕವು ದೊರೆತದ್ದು ಉಸಿರಾಟದ ಕಿಣ್ವದ ಸ್ವರೂಪವನ್ನೂ ಅದರ ಕಾರ್ಯವಿಧಾನವನ್ನೂ ಶೋಧಿಸಿದುದಕ್ಕಾಗಿ. ಗಡ್ಡೆಯ ಜೀವಕೋಶಗಳು ಆಮ್ಲಜನಕವಿದ್ದಾಗಲೂ ಗ್ಲೂಕೋಸನ್ನು ಹೇರಳವಾಗಿ ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾರ್ಪಡಿಸುತ್ತವೆಂಬುದು ಆತನು 1920ರ ದಶಕದಲ್ಲಿ ಕಂಡ ಬೇರೊಂದು ಸಂಗತಿ. ಅದು ಇಂದಿಗೂ ನಿಂತಿದೆ. ಆದರೆ ಅದರಿಂದ ಆತನು ತೆಗೆದ ತೀರ್ಮಾನ, ಅಂದರೆ ಕೋಶದ ಉಸಿರಾಟ ಕೆಡುವುದೇ ರೋಗದ ಮೂಲವೆಂಬುದು, ಹಾಗೆ ನಿಲ್ಲಲಿಲ್ಲ. 1956ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಆತನು ಇದನ್ನು ಪ್ರತಿಪಾದಿಸಿದಾಗ ಸಿಡ್ನಿ ವೈನ್‌ಹೌಸ್ ಅದೇ ವರ್ಷ ಅದೇ ಪತ್ರಿಕೆಯಲ್ಲಿ ಆಕ್ಷೇಪಿಸಿದನು. ನಮ್ಮ ಲೇಖಕರು ವಾದಿಯನ್ನು ಉದ್ಧರಿಸಿ ಪ್ರತಿವಾದಿಯನ್ನು ಬಿಟ್ಟುಬಿಡುತ್ತಾರೆ. ಅದೂ ಅಲ್ಲದೆ, ಕೋಶದ ಉಸಿರಾಟದ ಕುರಿತಾದ ಈ ವಾದವನ್ನು ರೋಗಿಯ ತಟ್ಟೆಗೆ ಅನ್ವಯಿಸಿದವರು ಅವರೇ.

ಕೋಶವು ಹೀಗೇಕೆ ವರ್ತಿಸುತ್ತದೆಂಬುದಕ್ಕೆ ಉತ್ತರ ಬಂದದ್ದು ಪ್ರತಿಲೇಖನಕಾರಕಗಳೆಂಬ ಪ್ರೋಟೀನುಗಳ ಅಧ್ಯಯನದಿಂದ. ಅಣ್ಣಿಗೇರಿಯ ಅಮೃತೇಶ್ವರ ಗುಡಿಯ ಶಾಸನಗಳಲ್ಲಿ ಯಾವುದರ ಪಡಿಯಚ್ಚು ತೆಗೆಯಬೇಕೆಂದು ಶಾಸನಶೋಧಕನು ನಿರ್ಧರಿಸುವಂತೆ, ಯಾವ ವಂಶವಾಹಿಯ ಪ್ರತಿ ಯಾವಾಗ ಹೊರಡಬೇಕೆಂಬುದನ್ನು ಇವು ನಿರ್ಧರಿಸುತ್ತವೆ. (ಹೋಲಿಕೆ ಇಷ್ಟಕ್ಕೇ ಸಾಕು, ಶಾಸನಶೋಧಕನಿಗೆ ಸ್ವಂತ ಬುದ್ಧಿಯಿದೆ.) ಇವುಗಳಲ್ಲಿ ಹಿಫ್ ಎಂಬುದು ಆಮ್ಲಜನಕ ಸಾಕಷ್ಟಿರುವಾಗ ಹುಟ್ಟಿದಂತೆಯೇ ನಾಶವಾಗುತ್ತದೆ, ವಿಎಚ್‌ಎಲ್ ಎಂಬ ಪ್ರೋಟೀನು ಅದನ್ನು ಗುರುತಿಸಿ ನಾಶಕ್ಕೆ ಒಪ್ಪಿಸುತ್ತದೆ. ಆಮ್ಲಜನಕ ಕಡಮೆಯಾದರೆ ಹಿಫ್ ಉಳಿದುಕೊಂಡು, ಗ್ಲೂಕೋಸನ್ನು ಒಳಗೆಳೆದು ಒಡೆಯುವ ಪ್ರೋಟೀನುಗಳ ವಂಶವಾಹಿಗಳನ್ನು ಚುರುಕುಗೊಳಿಸುತ್ತದೆ. ಆರೋಗ್ಯವಂತ ಕೋಶಕ್ಕೆ ಇದು ಆಪತ್ಕಾಲದ ಏರ್ಪಾಡು. ಈ ಶೋಧಕ್ಕಾಗಿ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆನ್ಜಾ ಇವರಿಗೆ 2019ರ ನೊಬೆಲ್ ಪಾರಿತೋಷಕ ಸಂದಿತು. ಮೂತ್ರಪಿಂಡದ ಅನೇಕ ಅರ್ಬುದಗಳಲ್ಲಿ ವಿಎಚ್‌ಎಲ್ ಇಲ್ಲವಾಗಿ, ಆಮ್ಲಜನಕವಿದ್ದರೂ ಈ ಏರ್ಪಾಡು ಶಾಶ್ವತವಾಗಿಬಿಡುತ್ತದೆ. ಮಿಕ್ ಎಂಬ ಇನ್ನೊಂದು ಕಾರಕವು ಲ್ಯಾಕ್ಟಿಕ್ ಆಮ್ಲ ತಯಾರಿಸುವ ಕಿಣ್ವವನ್ನು ಹೆಚ್ಚಿಸುವುದೆಂದು 1997ರಲ್ಲಿ ತಿಳಿದುಬಂದಿತು.

ಹಾಗೆಂದು ಚಯಾಪಚಯದ ಬದಲಾವಣೆಯೆಲ್ಲ ರೋಗದ ಪರಿಣಾಮ ಮಾತ್ರವೆಂಬ ಪ್ರತಿಪಕ್ಷದವರ ಮಾತೂ ಪೂರ್ಣ ಒಪ್ಪತಕ್ಕದ್ದಲ್ಲ. ಐಡಿಎಚ್ ಎಂಬ ಕಿಣ್ವ ಕೆಟ್ಟಾಗ ಅದು ತಯಾರಿಸುವ ವಸ್ತುವೇ ವಂಶವಾಹಿಗಳ ನಿಯಂತ್ರಣವನ್ನು ಕೆಡಿಸುವುದೆಂದು 2009ರಿಂದೀಚೆಗೆ ಗೊತ್ತಾಗಿದೆ.

ಇನ್ನು ಪಥ್ಯದ ಮಾತು. ರೋಗಿಯು ಉಣ್ಣದಿದ್ದರೂ ಯಕೃತ್ತು ಗ್ಲೂಕೋಸನ್ನು ತಯಾರಿಸಿ ರಕ್ತಕ್ಕೆ ಒದಗಿಸುತ್ತಲೇ ಇರುತ್ತದೆ, ಬೇಕಾದರೆ ಸ್ನಾಯುವಿನ ಪ್ರೋಟೀನನ್ನು ಕರಗಿಸಿಯಾದರೂ. ಗಡ್ಡೆ ಉಪವಾಸ ಬೀಳುವ ಮೊದಲೇ ರೋಗಿ ಸೊರಗುತ್ತಾನೆ. ಈ ಅರಿವಿನಿಂದ ಹುಟ್ಟಿದ ಚಿಕಿತ್ಸೆ ಬೇರೆಯೇ ಇದೆ: ಹಿಫ್‌ನ ಒಂದು ಬಗೆಯನ್ನು ತಡೆಯುವ ಬೆಲ್ಜುಟಿಫಾನ್ ಎಂಬ ಔಷಧಕ್ಕೆ ವಿಎಚ್‌ಎಲ್ ದೋಷವಿರುವ ರೋಗಿಗಳ ಸಲುವಾಗಿ 2021ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.