ಎಣ್ಣೆ ಮುಗಿಯುವ ಜಾಗ ನೋಡಿ

ಮಳವಳ್ಳಿಯಿಂದ ಬೆಂಗಳೂರಿಗೆ ಓದಲು, ಕೆಲಸಕ್ಕೆಂದು ಹೋದ ಎಷ್ಟೋ ಹುಡುಗ ಹುಡುಗಿಯರು ಗೆಳೆಯರ ಜೊತೆ ಚರ್ಚ್ ಸ್ಟ್ರೀಟಿನ ಅಮೀಬಾದಂಥ ಕಡೆ ಬೌಲಿಂಗ್ ಆಡಿ ಬಂದಿರುತ್ತಾರೆ. ಹತ್ತೂ ಪಿನ್ ಬಿದ್ದು ಸ್ಟ್ರೈಕ್ ಆದರೆ ಚಪ್ಪಾಳೆ, ಚೆಂಡು ಪಕ್ಕದ ಕಾಲುವೆಗೆ ಇಳಿದರೆ ನಗು. ಆದರೆ ನುರಿತವರ ಆಟದ ಸೊಗಸು ಪಿನ್ ಬೀಳುವ ಮುಂಚೆಯೇ, ಚೆಂಡು ಸಾಗುವ ಆ ಎರಡು ಮೂರು ಸೆಕೆಂಡುಗಳಲ್ಲಿ ಮುಗಿದಿರುತ್ತದೆ.

ಎಸೆಯುವ ಗೆರೆಯಿಂದ ಮೊದಲ ಪಿನ್ನಿಗೆ ಲೇನು 60 ಅಡಿ. ಅದರಲ್ಲಿ ಸಾಮಾನ್ಯವಾಗಿ ಮೊದಲ 40 ಅಡಿಯಷ್ಟಕ್ಕೆ ಎಣ್ಣೆ ಸವರಿರುತ್ತಾರೆ, ಮುಂದಿನದು ಒಣ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಗದ್ದೆಯ ಕೆಸರು ಬದುವಿನಲ್ಲಿ ಜಾರುವ ಕಾಲು ಒಣನೆಲ ಸಿಕ್ಕೊಡನೆ ಕಚ್ಚಿ ನಿಲ್ಲುವಂತೆ, ಅಡ್ಡ ತಿರುಗುತ್ತ ಜಾರಿಬಂದ ಚೆಂಡು ಎಣ್ಣೆ ಮುಗಿದಲ್ಲಿ ನೆಲ ಹಿಡಿದು ಒಳಕ್ಕೆ ಹೊರಳುತ್ತದೆ. ಇದೇ ಹುಕ್. ಬಲಗೈ ಆಟಗಾರನ ಚೆಂಡು 1 ಮತ್ತು 3ನೇ ಪಿನ್ನಿನ ನಡುವೆ ಸುಮಾರು 6 ಡಿಗ್ರಿ ಓರೆಯಾಗಿ ನುಗ್ಗಬೇಕು. ಹಾಗೆ ನುಗ್ಗಿದಾಗ ಚೆಂಡು ತಾನಾಗಿ ಮುಟ್ಟುವುದು 1, 3, 5, 9 ಈ ನಾಲ್ಕೇ ಪಿನ್. ಮಿಕ್ಕ ಆರನ್ನು ಪಿನ್ನುಗಳೇ ಕೆಡವುತ್ತವೆ. ನೇರ ಎಸೆತಕ್ಕೆ ಈ ಓರೆ ಸಿಗದು.

ಚೆಂಡಿನ ಮೈ ಬಹಳ ಮುಖ್ಯ. ಬೌಲಿಂಗ್ ಕೇಂದ್ರದವರು ಕೊಡುವ ಪ್ಲಾಸ್ಟಿಕ್ ಚೆಂಡು ಹೆಚ್ಚುಕಡಿಮೆ ನೇರ ಹೋಗುತ್ತದೆ. 1990ರ ದಶಕದಲ್ಲಿ ಬಂದ ರಿಯಾಕ್ಟಿವ್ ರೆಸಿನ್ ಚೆಂಡು ಒಣನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಅದನ್ನು ಉಜ್ಜಿ ಒರಟು ಮಾಡಿದರೆ ಬೇಗ ಹಿಡಿತ, ಹೊಳಪು ಕೊಟ್ಟರೆ ತಡವಾಗಿ. ಒಳಗಿನ ತೂಕದ ತಿರುಳು, ಎಸೆತದ ವೇಗ, ಬೆರಳು ಕೊಟ್ಟ ತಿರುವು ಇವೂ ಸೇರುತ್ತವೆ. ವೇಗ ಹೆಚ್ಚಿದಷ್ಟೂ ಹೊರಳುವುದು ತಡ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಬೇರೆ. ಎಣ್ಣೆ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಇದ್ದಂತೆ ಇರುವುದೂ ಇಲ್ಲ. ಪ್ರತಿ ಚೆಂಡೂ ಒಂದಿಷ್ಟು ಹೀರುತ್ತದೆ, ಒಂದಿಷ್ಟು ಮುಂದಕ್ಕೆ ಒಯ್ಯುತ್ತದೆ. ಬೆಳಗ್ಗೆ ಸ್ಟ್ರೈಕ್ ಕೊಟ್ಟ ದಾರಿಯೇ ಮಧ್ಯಾಹ್ನ ಕೈಕೊಡುತ್ತದೆ. ಆಗ ಬಲಗೈಯವನು ಸದ್ದಿಲ್ಲದೆ ನೆಲದ ಎರಡು ಹಲಗೆಯಷ್ಟು ಎಡಕ್ಕೆ ಸರಿದು ನಿಲ್ಲುತ್ತಾನೆ, ಇಲ್ಲವೇ ಚೆಂಡು ಬದಲಿಸುತ್ತಾನೆ. ಕಾಣದ್ದನ್ನು ಚೆಂಡಿನ ನಡೆಯಿಂದಲೇ ಓದುವ ಈ ಬುದ್ಧಿಗೆ ತೋಳ್ಬಲಕ್ಕಿಂತ ಹೆಚ್ಚು ಮಾನ ಸಲ್ಲಬೇಕು.

ಕರ್ನಾಟಕದ ಬೌಲಿಂಗ್ ಆಟಗಾರ ಆಕಾಶ್ ಅಶೋಕ್ ಕುಮಾರ್ ಅವರಂಥವರ ಆಟ ನೋಡುವ ಅವಕಾಶ ಸಿಕ್ಕರೆ ಲೇನಿನ ಹಿಂದೆಯೇ ಕುಳಿತುಕೊಳ್ಳಿ. ಮೊದಲು ಆಟಗಾರ ನಿಂತ ಜಾಗ ಗುರುತಿಟ್ಟುಕೊಳ್ಳಿ, ಆಮೇಲೆ ಚೆಂಡು ಹೊರಳುವ ಜಾಗ. ಸ್ಕೋರು ಆಮೇಲೆ ನೋಡಿದರಾಯಿತು.